ಸ್ಪಾಲೆಕ್ಸ್: ಸ್ಪ್ಯಾನಿಷ್ ಕಲಿಸುವವರ ಕೈಗೆ ಸಿಕ್ಕ ಉಚಿತ ಪದಭಂಡಾರ

ಸ್ಪ್ಯಾನಿಷ್ ಕಲಿಸುವವರಿಗೆ ಸ್ಪಾಲೆಕ್ಸ್‌ಗಿಂತ ಉಪಯೋಗದ ಪದಭಂಡಾರ ನನಗೆ ಇನ್ನೊಂದು ಸಿಕ್ಕಿಲ್ಲ. ದುಡ್ಡು ಕೊಡಬೇಕಾಗಿಲ್ಲ. ಆದರೆ ಡೌನ್‌ಲೋಡ್ ಮಾಡಿದ ತಕ್ಷಣ ಬಳಸಬಹುದು ಅಂದುಕೊಳ್ಳಬೇಡಿ, ಸ್ವಲ್ಪ ಮೈ ಬಗ್ಗಿಸಿ ಕೆಲಸ ಮಾಡಬೇಕು. ಇದು ಆ್ಯಪ್ ಅಲ್ಲ, ನಿಘಂಟೂ ಅಲ್ಲ. ಸಂಶೋಧಕರು ತಮ್ಮ ಕೆಲಸಕ್ಕೆ ಮಾಡಿಕೊಂಡು ಎಲ್ಲರಿಗೂ ತೆರೆದಿಟ್ಟ ಪಟ್ಟಿ. ಸುಮಾರು 45,000 ಸ್ಪ್ಯಾನಿಷ್ ಪದಗಳು. ಪ್ರತಿ ಪದವನ್ನೂ ಎಷ್ಟು ಜನ ಗುರುತು ಹಿಡಿದರು, ಹಿಡಿಯಲು ಎಷ್ಟು ಹೊತ್ತು ತೆಗೆದುಕೊಂಡರು ಅನ್ನುವ ಲೆಕ್ಕ ಇದರಲ್ಲಿದೆ.

ನಾನು ಜಯನಗರದಲ್ಲಿ ಸಂಜೆ ಹೊತ್ತು ಸ್ಪ್ಯಾನಿಷ್ ಕ್ಲಾಸು ನಡೆಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕೆಲಸದ ಮೇಲೆ ಸ್ಪೇನಿಗೋ ಮೆಕ್ಸಿಕೋಗೋ ಹೋಗುವವರು. ಉಳಿದವರು ಪರೀಕ್ಷೆ ಕಟ್ಟಿದ ಕಾಲೇಜು ಹುಡುಗರು. ಎಲ್ಲರದೂ ಒಂದೇ ಪ್ರಶ್ನೆ: "ಮೇಡಂ, ಇಷ್ಟೊಂದು ಪದ ಇದೆಯಲ್ಲ, ಯಾವುದರಿಂದ ಶುರು ಮಾಡೋದು?" ನಾನು ಮೊದಲು ದುಡ್ಡು ಕೊಟ್ಟು ಒಂದು ಪದ-ಕಾರ್ಡಿನ ಸೆಟ್ ತರಿಸಿದ್ದೆ. ಅದರಲ್ಲಿ ‘ಸಂಸತ್ತು’, ‘ಹೂಡಿಕೆ’, ‘ಪ್ರಸ್ತಾವ’ ಎಲ್ಲ ಮೊದಲ ಕಟ್ಟಿನಲ್ಲೇ ಇದ್ದವು. ‘ಜರಡಿ’, ‘ಸೌಟು’, ‘ಬದನೆಕಾಯಿ’ ಎಲ್ಲೂ ಇರಲಿಲ್ಲ. ಯಾರೋ ಪತ್ರಿಕೆಗಳಲ್ಲಿ ಜಾಸ್ತಿ ಬರುವ ಪದಗಳನ್ನು ಎಣಿಸಿ ಕಾರ್ಡು ಅಚ್ಚು ಹಾಕಿಸಿದ್ದರು ಅಂತ ಕಾಣುತ್ತದೆ. ಬಾಡಿಗೆ ಮನೆಯಲ್ಲಿ ಅಡುಗೆ ಮಾಡಿಕೊಂಡು ಬದುಕಬೇಕಾದ ಹುಡುಗನಿಗೆ ಅದರಿಂದ ಏನು ಪ್ರಯೋಜನ? ಸ್ಪಾಲೆಕ್ಸ್ ನನಗೆ ಮುಖ್ಯವಾಗಿದ್ದು ಇದೇ ಕಾರಣಕ್ಕೆ.

ಇದನ್ನು ಮಾಡಿದವರು ಸ್ಪೇನಿನ ಬಾಸ್ಕ್ ಪ್ರಾಂತ್ಯದ ಸಾನ್ ಸೆಬಾಸ್ಟಿಯನ್ ಊರಿನ ಬಾಸ್ಕ್ ಸೆಂಟರ್ ಆನ್ ಕಾಗ್ನಿಷನ್, ಬ್ರೈನ್ ಆ್ಯಂಡ್ ಲ್ಯಾಂಗ್ವೇಜ್ ಸಂಸ್ಥೆಯವರು. ಬೆಲ್ಜಿಯಮ್ಮಿನ ಘೆಂಟ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಮಾಡಿದ್ದಾರೆ. ಹೋಸೆ ಅರ್ಮಾಂಡೊ ಅಗ್ವಾಸ್‌ವಿವಾಸ್, ಮನ್ವೆಲ್ ಕರ್ರೆಯ್ರಾಸ್, ಯೋನ್ ಆಂಡೊನಿ ದುನ್ಯಾಬೇತಿಯಾ ಒಂದು ಕಡೆ. ಮಾರ್ಕ್ ಬ್ರೈಸ್‌ಬಾರ್ಟ್, ಇಮ್ಯಾನುಯೆಲ್ ಕೋಲೆರ್ಸ್, ಪಾವೆಲ್ ಮಂದೆರಾ ಇನ್ನೊಂದು ಕಡೆ. ಪದಭಂಡಾರದ ಬಗ್ಗೆ ಲೇಖನ ಬಂದಿದ್ದು 2018ರಲ್ಲಿ. ಅದರಿಂದ ಏನು ತಿಳಿಯಿತು ಅನ್ನುವ ದೊಡ್ಡ ಲೇಖನ 2020ರಲ್ಲಿ. ಸ್ಪ್ಯಾನಿಷ್ ಮಾತಾಡುವ ಸುಮಾರು 20 ದೇಶಗಳ 1.5 ಲಕ್ಷಕ್ಕೂ ಹೆಚ್ಚು ಜನ ಇದರಲ್ಲಿ ಭಾಗವಹಿಸಿದ್ದಾರೆ. ಎಲ್ಲರೂ ಅದೇ ಭಾಷೆಯಲ್ಲಿ ಹುಟ್ಟಿ ಬೆಳೆದವರು.

ಅವರು ಮಾಡಬೇಕಾಗಿದ್ದ ಕೆಲಸ ತುಂಬಾ ಸಣ್ಣದು. ಪರದೆ ಮೇಲೆ ಒಂದೊಂದೇ ಪದ ಬರುತ್ತದೆ. ಅದು ನಿಜವಾದ ಸ್ಪ್ಯಾನಿಷ್ ಪದವೋ ಅಲ್ಲವೋ ಹೇಳಬೇಕು. ಗೊತ್ತಿದ್ದರೆ ಹೌದು, ಗೊತ್ತಿಲ್ಲದಿದ್ದರೆ ಇಲ್ಲ. ಒಬ್ಬೊಬ್ಬರಿಗೂ 70 ನಿಜ ಪದಗಳು, ನಡುನಡುವೆ ಕಟ್ಟಿದ ಸುಳ್ಳುಪದಗಳು. ಸುಮ್ನೆ ಎಲ್ಲದಕ್ಕೂ ಹೌದು ಒತ್ತುತ್ತಾ ಹೋದರೆ ಸುಳ್ಳುಪದದಲ್ಲಿ ಸಿಕ್ಕಿಬೀಳುತ್ತೀರಿ, ಅಂಕ ಕಡಿಮೆಯಾಗುತ್ತದೆ.

ಆ ಸುಳ್ಳುಪದಗಳ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಇಡೀ ಪರೀಕ್ಷೆ ನಿಂತಿರುವುದೇ ಅವುಗಳ ಮೇಲೆ. ಬಾಯಿಗೆ ಬಂದ ಅಕ್ಷರ ಜೋಡಿಸಿದರೆ ಯಾರಾದರೂ ಒಂದೇ ನೋಟಕ್ಕೆ ಕಂಡುಹಿಡಿಯುತ್ತಾರೆ. ಆದ್ದರಿಂದ ನಿಜ ಪದದ ಅಚ್ಚಿನಲ್ಲೇ ಎರಕ ಹೊಯ್ದಂತೆ ಇರಬೇಕು. ‘ಬೆಂತಾನಾ’ ಅಂದರೆ ಕಿಟಕಿ. ‘ಬೆಂತುನಾ’ ಅಂತ ಒಂದು ಪದ ಬಂದರೆ? ಉಚ್ಚಾರ ಸಲೀಸು, ಸ್ಪ್ಯಾನಿಷ್ ಕಿವಿಗೆ ಒಗ್ಗುತ್ತದೆ, ಅರ್ಥ ಮಾತ್ರ ಇಲ್ಲ. ಕನ್ನಡದಲ್ಲೇ ನೋಡಿ. ‘ಕಿಟಕಿ’ ಗೊತ್ತು. ‘ಕಿಟಗು’? ಓದುವುದಕ್ಕೆ ಒಂಚೂರೂ ಕಷ್ಟ ಇಲ್ಲ, ಎರಡನೇ ಕ್ಲಾಸಿನ ಮಗು ಕೂಡ ಓದುತ್ತದೆ. ಆದರೆ ಅಂಥ ಪದ ಇಲ್ಲ.

ಈ ಉದಾಹರಣೆಯನ್ನು ಕ್ಲಾಸಿನಲ್ಲೂ ಹೇಳುತ್ತೇನೆ. ಬರೆದ ಹಾಗೆ ಓದುವ ಭಾಷೆಗಳಲ್ಲಿ ಗಟ್ಟಿಯಾಗಿ ಓದಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗೊತ್ತಿರುವ ಪದವನ್ನೂ ಓದುತ್ತಾರೆ, ಗೊತ್ತಿಲ್ಲದ್ದನ್ನೂ ಓದುತ್ತಾರೆ. ನಮ್ಮ ಕ್ಲಾಸಿನಲ್ಲಿ ಮೂರನೇ ವಾರಕ್ಕೇ ಎಲ್ಲರೂ ಪತ್ರಿಕೆಯ ಒಂದು ಪ್ಯಾರಾ ಗಡಗಡ ಓದಿಬಿಡುತ್ತಾರೆ. ಕನ್ನಡದವರಿಗಂತೂ ಐದು ಸ್ವರದ ಸ್ಪ್ಯಾನಿಷ್ ನಾಲಿಗೆಗೆ ನೀರು ಕುಡಿದಷ್ಟು ಸುಲಭ. ಅರ್ಥ ಕೇಳಿ, ಮುಖ ಮುಖ ನೋಡುತ್ತಾರೆ. ಓದಲು ಬರುವುದಕ್ಕೂ ಪದ ಗೊತ್ತಿರುವುದಕ್ಕೂ ನಡುವಿನ ಅಂತರವನ್ನು ಅಳೆಯಲು ಈ ‘ಹೌದು-ಇಲ್ಲ’ ಪರೀಕ್ಷೆ ಒಳ್ಳೆಯ ಸಾಧನ.

ಇಲ್ಲಿ ಸಂಶೋಧನೆಯ ಹಳೆಯ ಜಗಳ ಒಂದಿದೆ. ಓದುವಿಕೆಯ ಬಗ್ಗೆ ನಡೆದ ಕೆಲಸದಲ್ಲಿ ಬಹುಪಾಲು ಇಂಗ್ಲಿಷಿನದು. ಇಂಗ್ಲಿಷಿನ ಕಾಗುಣಿತ ನಿಮಗೇ ಗೊತ್ತು, ಬರೆಯುವುದು ಒಂದು, ಹೇಳುವುದು ಇನ್ನೊಂದು. 2003ರಲ್ಲಿ ಫಿಲಿಪ್ ಸೀಮೋರ್ ಮತ್ತು ಜೊತೆಗಾರರು ಯುರೋಪಿನ ಹಲವು ಭಾಷೆಗಳ ಮಕ್ಕಳನ್ನು ಮೊದಲ ವರ್ಷದ ಕೊನೆಗೆ ಓದಿಸಿ ನೋಡಿದರು. ಪರಿಚಿತ ಪದಗಳನ್ನು ಸ್ಪ್ಯಾನಿಷ್ ಮಕ್ಕಳು ಸುಮಾರು ಶೇ 95ರಷ್ಟು ಸರಿ ಓದಿದರು. ಫಿನ್ನಿಷ್ ಮಕ್ಕಳು ಶೇ 98. ಸ್ಕಾಟ್ಲೆಂಡಿನ ಇಂಗ್ಲಿಷ್ ಮಕ್ಕಳು ಶೇ 34. ಅಷ್ಟು ದೊಡ್ಡ ಅಂತರ! ಹಾಗಾದರೆ ಇಂಗ್ಲಿಷಿನಲ್ಲಿ ಕಂಡಿದ್ದನ್ನು ಎಲ್ಲಾ ಭಾಷೆಗೂ ಅನ್ವಯಿಸುವುದು ಸರಿಯೇ?

ಲಿಯೊನಾರ್ಡ್ ಕಾಟ್ಜ್ ಮತ್ತು ರಾಮ್ ಫ್ರಾಸ್ಟ್ 1992ರಲ್ಲಿ ಮುಂದಿಟ್ಟ ವಾದ ಹೆಚ್ಚುಕಮ್ಮಿ ಹೀಗೆ: ಕಾಗುಣಿತ ನೇರವಾಗಿರುವ, ಅಂದರೆ ಬರೆದ ಹಾಗೆಯೇ ಓದುವ ಭಾಷೆಯಲ್ಲಿ ಓದುಗರು ಅಕ್ಷರದಿಂದ ಧ್ವನಿಗೆ ಹೋಗುವ ದಾರಿಯನ್ನು ಹೆಚ್ಚಾಗಿ ಹಿಡಿಯುತ್ತಾರೆ. ವಕ್ರವಾಗಿರುವ ಭಾಷೆಯಲ್ಲಿ ಪದವನ್ನು ಇಡಿಯಾಗಿ ನೆನಪಿನಿಂದ ತೆಗೆಯುವುದು ಜಾಸ್ತಿ. ಇದನ್ನು ಎಳೆದು ಎಳೆದು ಕೆಲವರು, ‘ಸ್ಪ್ಯಾನಿಷ್, ಇಟಾಲಿಯನ್ ಓದುಗರು ಬರೀ ಅಕ್ಷರ ಕೂಡಿಸಿ ಓದುತ್ತಾರೆ’ ಅನ್ನುವ ಮಟ್ಟಕ್ಕೆ ತಂದರು. ಕನ್ನಡದ ಬಗ್ಗೆಯೂ ಈ ಮಾತು ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಾಗಿರಲಿಲ್ಲ.

ಸ್ಪ್ಯಾನಿಷಿನಲ್ಲೇ ಒಂದು ಜೋಡಿ ಪದ ತೆಗೆದುಕೊಳ್ಳಿ. ‘ಬಾಕಾ’ ಅಂತ ಎರಡು ಪದ ಇವೆ. ‘ಉವೆ’ ಅಕ್ಷರದಿಂದ ಬರೆದರೆ ಹಸು. ‘ಬೆ’ ಅಕ್ಷರದಿಂದ ಬರೆದರೆ ಕಾರಿನ ತಲೆ ಮೇಲೆ ಸಾಮಾನು ಕಟ್ಟುವ ಕಂಬಿ. ಉಚ್ಚಾರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಹಾಗೆಯೇ ‘ಓಲಾ’. ಮುಂದೆ ‘ಆಚೆ’ ಅಕ್ಷರ ಇದ್ದರೆ ನಮಸ್ಕಾರ, ಇಲ್ಲದಿದ್ದರೆ ಸಮುದ್ರದ ಅಲೆ. ಆ ‘ಆಚೆ’ಗೆ ಧ್ವನಿಯೇ ಇಲ್ಲ. ಬರೀ ಧ್ವನಿಯಿಂದ ಓದುವುದಾದರೆ ಹಸುವನ್ನೂ ಕಂಬಿಯನ್ನೂ ಬೇರೆ ಮಾಡುವುದು ಹೇಗೆ? ಕಣ್ಣು ಪದದ ರೂಪವನ್ನು ನೆನಪಿಟ್ಟುಕೊಂಡಿರಲೇಬೇಕು, ಅಲ್ವಾ? ಇಷ್ಟೆಲ್ಲ ಇದ್ದರೂ ಓದುವ ದಿಕ್ಕಿನಲ್ಲಿ ಸ್ಪ್ಯಾನಿಷ್ ನೇರವೇ. ಅಕ್ಷರ ನೋಡಿದರೆ ಉಚ್ಚಾರ ಗೊತ್ತಾಗುತ್ತದೆ. ಕೇಳಿ ಬರೆಯುವಾಗ ಮಾತ್ರ ಕೆಲವು ಕಡೆ ತಡವರಿಸಬೇಕು.

ಇಂಥ ಪ್ರಶ್ನೆಗೆ ಉತ್ತರ ಹುಡುಕಲು ಮೊದಲೆಲ್ಲ ಇದ್ದಿದ್ದು ಸಣ್ಣ ಸಣ್ಣ ಪ್ರಯೋಗಗಳು. ನೂರು ಪದ, ಮೂವತ್ತು ವಿದ್ಯಾರ್ಥಿಗಳು. ಇಟಾಲಿಯನ್‌ಗೆ 2002ರಲ್ಲಿ 626 ನಾಮಪದಗಳ ಓದುವ ವೇಗದ ಪಟ್ಟಿ ಬಂತು. ಸ್ಪ್ಯಾನಿಷ್‌ಗೆ 2014ರಲ್ಲಿ 2,765 ಪದಗಳಿಗೆ ‘ಹೌದು-ಇಲ್ಲ’ ಹೇಳುವ ವೇಗದ್ದು. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಇಂಗ್ಲಿಷಿಗೆ 2007ರಲ್ಲೇ 40,481 ಪದಗಳ ಇಂಗ್ಲಿಷ್ ಲೆಕ್ಸಿಕನ್ ಪ್ರಾಜೆಕ್ಟ್ ಇತ್ತು. 816 ಜನ ಅದರಲ್ಲಿ ‘ಹೌದು-ಇಲ್ಲ’ ಪರೀಕ್ಷೆಗೆ ಕೂತಿದ್ದರು. ನೇರ ಕಾಗುಣಿತದ ಭಾಷೆಗಳು ಅಲ್ಲಿಗೆ ಮುಟ್ಟಲು ಹತ್ತು ವರ್ಷ ಹಿಂದೆ ಬಿದ್ದವು. ಸ್ಪಾಲೆಕ್ಸ್ ಆ ಅಂತರವನ್ನು ಒಂದೇ ಸಲಕ್ಕೆ ತುಂಬಿತು. ಇದು ಸಣ್ಣ ಮಾತಲ್ಲ.

ಬಂದ ಉತ್ತರ? ಜನ ಹೆಚ್ಚು ಬಳಸುವ ಪದ, ಪದದ ಉದ್ದ, ಒಂದಕ್ಷರ ಬದಲಾದರೆ ಇನ್ನೊಂದು ಪದವಾಗುವ ‘ನೆರೆಹೊರೆ’ ಪದಗಳು, ಇವೆಲ್ಲದರ ಪ್ರಭಾವ ಸ್ಪ್ಯಾನಿಷಿನಲ್ಲೂ ಎದ್ದು ಕಾಣುತ್ತದೆ. ಇಂಗ್ಲಿಷಿನಂಥ ಭಾಷೆಗಳಲ್ಲಿ ಕಂಡಿದ್ದೇ ಇಲ್ಲೂ ಕಂಡಿದೆ. ಅಂದರೆ ಕಾಗುಣಿತ ನೇರವಾಗಿದ್ದ ಮಾತ್ರಕ್ಕೆ ಓದುಗರು ಅಕ್ಷರ ಕೂಡಿಸುತ್ತಾ ಕೂರುವುದಿಲ್ಲ. ಪರಿಚಯ ಕೆಲಸ ಮಾಡುತ್ತದೆ. ಹಾಗಂತ ಎಲ್ಲ ಭಾಷೆಯೂ ಒಂದೇ ಅಂತಲೂ ಅಲ್ಲ. ಸಿಂಗಾಪುರದ ಮೆಲ್ವಿನ್ ಯಾಪ್ ಮತ್ತು ಸಂಗಡಿಗರು 2010ರಲ್ಲಿ ಮಲಯ ಭಾಷೆಯ 9,592 ಪದಗಳ ಭಂಡಾರ ಮಾಡಿದರು. ಮಲಯದ ಕಾಗುಣಿತ ಸ್ಪ್ಯಾನಿಷಿನಂತೆಯೇ ನೇರ. ಅಲ್ಲಿ ಪದದ ಉದ್ದದ ಪ್ರಭಾವ ಇಂಗ್ಲಿಷಿಗಿಂತ ಜಾಸ್ತಿ ಕಂಡಿತು. ಈ ಎರಡನ್ನೂ ಒಟ್ಟಿಗೆ ಓದಿದವರಿಗೆ ಚಿತ್ರ ಸ್ಪಷ್ಟವಾಗುತ್ತದೆ: ದಾರಿ ಎರಡೂ ಇವೆ, ಯಾವುದರ ಮೇಲೆ ಎಷ್ಟು ಭಾರ ಅನ್ನುವುದು ಭಾಷೆಗೆ ತಕ್ಕಂತೆ ಬದಲಾಗುತ್ತದೆ.

ಈಗ ನನ್ನ ಬಳಕೆಗೆ ಬರುತ್ತೇನೆ. ಸ್ಪಾಲೆಕ್ಸ್ ಒಂದನ್ನೇ ಇಟ್ಟುಕೊಂಡರೆ ಅರ್ಧ ಕೆಲಸ. ಜೊತೆಗೆ 2011ರ ಸಬ್‌ಟ್ಲೆಕ್ಸ್-ಎಸ್ಪ್ ಬೇಕು. ಸಿನಿಮಾ ಸಬ್‌ಟೈಟಲ್‌ಗಳಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಅನ್ನುವ ಎಣಿಕೆ ಅದು. ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಮೊದಲು, ಬಳಕೆಯೂ ಜಾಸ್ತಿ, ಎಲ್ಲರಿಗೂ ಗೊತ್ತು ಅನ್ನುವ ಪದಗಳನ್ನು ತೆಗೆದೆ. ಅವು ಮೊದಲ ತಿಂಗಳಿಗೆ. ಆಮೇಲೆ ಬಳಕೆಯ ಎಣಿಕೆಯಲ್ಲಿ ಕೆಳಗೆ ಬಿದ್ದಿದ್ದರೂ ಬಹುತೇಕ ಎಲ್ಲರೂ ಹೌದು ಒತ್ತಿದ ಪದಗಳ ಕಡೆ ಹೋದೆ. ನಿಜವಾದ ಬೆಲೆ ಇರುವುದು ಈ ಮೂಲೆಯಲ್ಲಿ. ಮನೆಯೊಳಗಿನ ಸಾಮಾನು, ತರಕಾರಿ, ಹೊಲಿಗೆ, ಮಕ್ಕಳ ಆಟ, ಇಂಥ ಪದಗಳು ಸುದ್ದಿಯಲ್ಲಿ ಬರುವುದಿಲ್ಲ, ಸಿನಿಮಾದಲ್ಲೂ ಕಮ್ಮಿ. ಆದರೆ ಆ ಭಾಷೆಯಲ್ಲಿ ಬೆಳೆದ ಯಾರಿಗೆ ತಾನೇ ಜರಡಿ ಗೊತ್ತಿರುವುದಿಲ್ಲ? ಎಣಿಕೆ ಒಂದನ್ನೇ ನಂಬಿದ ಪಟ್ಟಿ ಇಂಥವನ್ನು ಕಳೆದುಕೊಳ್ಳುತ್ತದೆ. ಎಷ್ಟು ಜನಕ್ಕೆ ಗೊತ್ತು ಅಂತ ನೇರವಾಗಿ ಜನರನ್ನೇ ಕೇಳಿದ ಪಟ್ಟಿ ಉಳಿಸಿಕೊಳ್ಳುತ್ತದೆ.

ಕೆಳಗಿನ ತುದಿಯೂ ಉಪಯೋಗಕ್ಕೆ ಬಂತು. ಪರೀಕ್ಷೆಯ ಹುಡುಗರು ದಪ್ಪ ನಿಘಂಟು ಹಿಡಿದು ಅಪರೂಪದ ಪದ ಬಾಯಿಪಾಠ ಮಾಡುವ ಚಾಳಿ ಇಟ್ಟುಕೊಂಡಿರುತ್ತಾರೆ. ಅಂಥ ಪದವನ್ನು ಪಟ್ಟಿಯಲ್ಲಿ ಹುಡುಕಿ, "ನೋಡಪ್ಪ, ಅಲ್ಲಿಯವರಲ್ಲೇ ಇಷ್ಟು ಜನಕ್ಕೆ ಇದು ಗೊತ್ತಿಲ್ಲ" ಅಂತ ತೋರಿಸುತ್ತೇನೆ. ನಾನು ಬಾಯಲ್ಲಿ ಹೇಳಿದರೆ ಒಪ್ಪದವರು ಅಂಕಿ ನೋಡಿದ ಮೇಲೆ ಪುಸ್ತಕ ಮುಚ್ಚುತ್ತಾರೆ.

ದೂರುಗಳೂ ಇವೆ.

ಮೊದಲನೆಯದು, ಗಾತ್ರ. 1.5 ಲಕ್ಷ ಜನ ತಲಾ 70 ಪದ ಅಂದರೆ ನಿಜ ಪದಗಳ ಉತ್ತರವೇ ಒಂದು ಕೋಟಿ ದಾಟುತ್ತದೆ. ಸುಳ್ಳುಪದದ ಉತ್ತರ ಬೇರೆ. ಎಕ್ಸೆಲ್ ಹಾಳೆಯಲ್ಲಿ ಹಿಡಿಯುವುದು 10,48,576 ಸಾಲು. ಹಾಗಾಗಿ ಮೂಲ ಉತ್ತರಗಳ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯುವ ಆಸೆ ಬಿಡಿ. ಆರ್ ಅಥವಾ ಪೈಥಾನ್ ಪ್ರೋಗ್ರಾಮಿಂಗ್ ಬರಬೇಕು, ಇಲ್ಲವೇ ಬರುವವರನ್ನು ಹಿಡಿಯಬೇಕು. ನನ್ನ ಕ್ಲಾಸಿನ ಸಾಫ್ಟ್‌ವೇರ್ ಹುಡುಗಿಯೊಬ್ಬಳು ಕೂತು ಪದಕ್ಕೊಂದು ಸಾಲಿನಂತೆ ಇಳಿಸಿಕೊಟ್ಟಳು. ಆಮೇಲೆ ಎಲ್ಲ ಸಲೀಸು. ಮೇಷ್ಟರುಗಳಿಗೆ ಅಂತಲೇ ಒಂದು ಸಣ್ಣ, ಹುಡುಕಲು ಬರುವ ಪುಟ ಮಾಡಿದ್ದರೆ ಎಷ್ಟು ಜನಕ್ಕೆ ಅನುಕೂಲ ಆಗುತ್ತಿತ್ತು.

ಎರಡನೆಯದು, ದೇಶವಾರು ಲೆಕ್ಕ. ಮೇಲಿನ ಕೋಟಿಯನ್ನು 45,000 ಪದಕ್ಕೆ ಹಂಚಿದರೆ ಒಂದು ಪದಕ್ಕೆ ಸರಾಸರಿ 230ರಷ್ಟು ಉತ್ತರ. ಒಟ್ಟಿನ ಲೆಕ್ಕಕ್ಕೆ ಧಾರಾಳ. ಅದನ್ನೇ ಮತ್ತೆ 20 ದೇಶಕ್ಕೆ ಸೀಳಿದರೆ ಸಣ್ಣ ದೇಶದ ಪಾಲಿಗೆ ಬೆರಳೆಣಿಕೆ. ಮೆಕ್ಸಿಕೋಗೆ ಹೋಗುವವರಿಗೆ, ಅರ್ಜೆಂಟೀನಾಕ್ಕೆ ಹೋಗುವವರಿಗೆ ಬೇರೆ ಬೇರೆ ಪಟ್ಟಿ ಮಾಡುವಾಗ ಈ ಅಂಕಿಯನ್ನು ಕಣ್ಣು ಮುಚ್ಚಿ ನಂಬಬಾರದು. ನಾನು ಅಲ್ಲಿ ಆ ದೇಶದವರನ್ನೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ.

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. ಹೌದು ಅಂದವರಿಗೆ ಯಾವ ಅರ್ಥ ಗೊತ್ತು ಅಂತ ಪರೀಕ್ಷೆ ಕೇಳುವುದಿಲ್ಲ. ‘ಗ್ವಾಗ್ವಾ’ ಅನ್ನುವ ಪದ ಇದೆ. ಕ್ಯೂಬಾದಲ್ಲಿ, ಕನೇರಿ ದ್ವೀಪಗಳಲ್ಲಿ ಅದು ಬಸ್ಸು. ಚಿಲಿಯಲ್ಲಿ ಅದು ಕೂಸು. ಇಬ್ಬರೂ ಹೌದು ಒತ್ತುತ್ತಾರೆ. ಪಟ್ಟಿಯಲ್ಲಿ ಇಬ್ಬರೂ ಒಂದೇ. ಕಲಿಸುವವರಿಗೆ ಇದು ಒಂದೇ ಪದ ಅಲ್ಲವೇ ಅಲ್ಲ.

ವೇಗದ ಅಂಕಿಯ ಬಗ್ಗೆಯೂ ಎಚ್ಚರ ಬೇಕು. ಜನ ತಮ್ಮ ತಮ್ಮ ಕಂಪ್ಯೂಟರು, ಫೋನುಗಳಲ್ಲಿ ಮಾಡಿದ ಪರೀಕ್ಷೆ ಇದು. ಪ್ರಯೋಗಶಾಲೆಯ ಹಾಗೆ ಒಂದೇ ಯಂತ್ರ, ಒಂದೇ ಕೋಣೆ ಅಲ್ಲ. ತಾವಾಗಿ ಬಂದವರೇ ಎಲ್ಲರೂ, ಪದಗಳ ಮೇಲೆ ಪ್ರೀತಿ ಇದ್ದವರೇ ಹೆಚ್ಚು ಬಂದಿರುತ್ತಾರೆ. ಘೆಂಟಿನವರೇ 2010ರಲ್ಲಿ ಮಾಡಿದ ಡಚ್ ಲೆಕ್ಸಿಕನ್ ಪ್ರಾಜೆಕ್ಟ್ ಇದಕ್ಕೆ ತದ್ವಿರುದ್ಧ. ಬರೀ 39 ಜನ, ಆದರೆ ಒಬ್ಬೊಬ್ಬರೂ 14,000 ಪದ ಮತ್ತು ಅಷ್ಟೇ ಸುಳ್ಳುಪದ ನೋಡಿದರು. ಮಿಲಿಸೆಕೆಂಡಿನ ನಿಖರತೆ ಬೇಕಾದವರಿಗೆ ಅಂಥದ್ದು ವಾಸಿ. ಯಾವ ಪದ ಎಷ್ಟು ಜನಕ್ಕೆ ಗೊತ್ತು ಅನ್ನುವುದಕ್ಕೆ ಸ್ಪಾಲೆಕ್ಸ್.

2020ರ ಲೇಖನದಲ್ಲಿ ಎರಡು ಸಂಗತಿ ನನಗೆ ತುಂಬಾ ಹಿಡಿಸಿದವು. ಒಂದು, ವಯಸ್ಸು ಹೆಚ್ಚಿದಂತೆ ಪದಸಂಪತ್ತು ಬೆಳೆಯುತ್ತಲೇ ಹೋಗುತ್ತದೆ. ಚಿಕ್ಕ ವಯಸ್ಸಿನಲ್ಲಿ ಜೋರಾಗಿ, ಆಮೇಲೆ ನಿಧಾನವಾಗಿ. ಐವತ್ತು ದಾಟಿದ ಮೇಲೆ ಸ್ಪ್ಯಾನಿಷ್ ಕಲಿಯಲು ಬರುವ ನನ್ನ ಕ್ಲಾಸಿನ ಆಂಟಿಯರಿಗೆ ಇದನ್ನು ಹೇಳಿದ್ದೇನೆ. ಅವರ ಮಾತೃಭಾಷೆಯ ವಿಷಯಕ್ಕೆ ಇದು ಧೈರ್ಯ ಕೊಡುವ ಮಾತು. ಇನ್ನೊಂದು, ಸ್ಪೇನಿನೊಳಗೆ ಬರೀ ಸ್ಪ್ಯಾನಿಷ್ ಮಾತಾಡುವ ಪ್ರದೇಶಗಳನ್ನೂ ಎರಡು ಭಾಷೆ ಇರುವ ಪ್ರದೇಶಗಳನ್ನೂ ಹೋಲಿಸಿ ನೋಡಿದರು. ಸ್ಪ್ಯಾನಿಷ್ ಪದಸಂಪತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮನೆಯಲ್ಲಿ ಕನ್ನಡ ಮಾತಾಡಿದರೆ ಮಗುವಿನ ಇಂಗ್ಲಿಷ್ ಹಾಳಾಗುತ್ತದೆ ಅಂತ ನಂಬಿದ ಅಪ್ಪ-ಅಮ್ಮಂದಿರನ್ನು ದಿನಾ ನೋಡುತ್ತೇನೆ. ನಮ್ಮ ಊರಿನ ಪರಿಸ್ಥಿತಿಗೆ ಇದು ನೇರ ಪುರಾವೆ ಅಲ್ಲ, ನಿಜ. ಆದರೂ ಅವರು ಇದನ್ನು ಓದಲಿ ಅಂತ ನನ್ನ ಆಸೆ.

ಕನ್ನಡಕ್ಕೆ ಇಂಥದ್ದು ಮಾಡುವುದಾದರೆ ಸ್ಪ್ಯಾನಿಷಿನ ಅಚ್ಚನ್ನೇ ತಂದು ಒತ್ತಿದರೆ ಆಗುವುದಿಲ್ಲ. ನಮ್ಮದು ನೇರ ಕಾಗುಣಿತವಾದರೂ ಅಕ್ಷರದ ರಾಶಿ ದೊಡ್ಡದು. ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ಕನ್ನಡ ಮಕ್ಕಳ ಓದಿನ ಬಗ್ಗೆ ಮಾಡಿದ ಅಧ್ಯಯನದಲ್ಲಿ ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ಅದಕ್ಕೂ ಮುಂದೆ ಹೋಗುತ್ತದೆ ಅಂತ ತೋರಿಸಿದರು. ಗುಣಿತ, ಒತ್ತು ಎಲ್ಲ ಸೇರಿ ಮಗು ಗುರುತಿಸಬೇಕಾದ ಆಕಾರಗಳೇ ನೂರಾರು. ಉದ್ದ ಅಂದರೆ ಇಲ್ಲಿ ಏನನ್ನು ಎಣಿಸಬೇಕು? ‘ಸ್ತ್ರೀ’ ಒಂದೇ ಅಕ್ಷರ, ‘ಮರ’ ಎರಡು. ಆದರೆ ಕಣ್ಣಿಗೆ ಯಾವುದು ಭಾರ? ಇನ್ನು ‘ಮನೆಯಲ್ಲಿದ್ದವರಿಗೂ’ ಅನ್ನುವುದನ್ನು ಒಂದು ಪದ ಅಂತ ಪಟ್ಟಿಗೆ ಸೇರಿಸುವುದೋ, ‘ಮನೆ’ ಒಂದನ್ನೇ ಸೇರಿಸಿ ಬಿಡುವುದೋ? ಫಿನ್ನಿಷ್‌ನಂಥ ಪ್ರತ್ಯಯದ ಭಾಷೆಗಳಿಗೂ ಇದೇ ತಲೆನೋವು. ಅಲ್ಲಿಯವರು ಮಾಡಿದ್ದನ್ನು ನೋಡಿ ನಮ್ಮವರು ಶುರು ಮಾಡಬಹುದು. ಫೋನು ಎಲ್ಲರ ಕೈಯಲ್ಲೂ ಇದೆ. ಬೀದರಿನವರೂ ಮಂಗಳೂರಿನವರೂ ಚಾಮರಾಜನಗರದವರೂ ತಲಾ 70 ಪದಕ್ಕೆ ಹೌದು-ಇಲ್ಲ ಒತ್ತಿದರೆ ಎಂಥ ಪಟ್ಟಿ ಸಿಗಬಹುದು ಯೋಚಿಸಿ. ಶಾಲಾ ಪುಸ್ತಕ ಬರೆಯುವವರಿಗೆ, ಮಾತು-ಓದಿನ ತೊಂದರೆ ಇರುವವರಿಗೆ ಚಿಕಿತ್ಸೆ ಕೊಡುವವರಿಗೆ ಅದು ದಿನನಿತ್ಯ ಬೇಕಾಗುವ ವಸ್ತು.

ಬಳಸಬೇಕು ಅನ್ನುವವರಿಗೆ ಎರಡು ಮಾತು. ಫೈಲು ತೆರೆಯುವಾಗ ಅಕ್ಷರಗಳ ಎನ್‌ಕೋಡಿಂಗ್ ಕೇಳುವಲ್ಲಿ ಯುಟಿಎಫ್-8 ಅಂತ ಆರಿಸಿಕೊಳ್ಳಿ. ಇಲ್ಲದಿದ್ದರೆ ‘ಎನ್ಯೆ’ ಅಕ್ಷರವೂ ಸ್ವರದ ಮೇಲಿನ ಗೀಟುಗಳೂ ವಿಚಿತ್ರ ಚಿಹ್ನೆಗಳಾಗಿ ಒಡೆದುಹೋಗುತ್ತವೆ, ಆಮೇಲೆ ಬೇರೆ ಪಟ್ಟಿಯ ಜೊತೆ ಹೊಂದಿಸಲು ಬರುವುದಿಲ್ಲ. ಮತ್ತೆ, ಕೆಲಸ ಶುರು ಮಾಡುವ ಮೊದಲು 2018ರ ಲೇಖನ ಪೂರ್ತಿ ಓದಿ. ಯಾವ ಕಾಲಮ್ಮಿನಲ್ಲಿ ಏನಿದೆ ಅಂತ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಅದೂ ಉಚಿತವೇ.